ಸಾವಿನ ಮನೆಯಲ್ಲಿ ಪರಲೋಕದ ಮಾತು

ನಮ್ಮಪ್ಪ ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಪಾಳಿ ಕೆಲಸ ಮಾಡುತ್ತಿದ್ದರು. ರಾತ್ರಿ ಪಾಳಿ ಮುಗಿಸಿ ಬಂದರೂ ಭಾನುವಾರದ ಆರಾಧನೆ ತಪ್ಪಿಸುತ್ತಿರಲಿಲ್ಲ. ಪ್ರಸಂಗದ ಹೊತ್ತಿಗೆ ತೂಕಡಿಸುತ್ತಿದ್ದರು, ಅದು ಬೇರೆ ಮಾತು. ಅಮ್ಮನಿಗೆ ಓದು ಅಷ್ಟಕ್ಕಷ್ಟೆ. ಆದರೆ ಬೈಬಲ್ಲಿನ 23ನೇ ಕೀರ್ತನೆ ಬಾಯಿಪಾಠ. ರಾತ್ರಿ ಊಟಕ್ಕೆ ಮುಂಚೆ ನಾವು ಮಕ್ಕಳು ಅದನ್ನು ಒಪ್ಪಿಸಲೇಬೇಕಿತ್ತು. ನಾನು ಬೈಬಲ್ ಕಲಿತದ್ದು ಹೀಗೆ, ಮೊದಲು ಕಿವಿಯಿಂದ.

ಪಾಸ್ಟರ್ ಆಗೋಕೆ ದೇವರ ಕರೆ ಹೇಗೆ ಬಂತು ಅಂತ ಜನ ಕೇಳುತ್ತಾರೆ. ದಮಸ್ಕದ ದಾರಿಯಲ್ಲಿ ಯೇಸು ಕರೆದಾಗ ಅಪೊಸ್ತಲ ಪೌಲನಿಗೆ ಕಂಡಂಥ ಬೆಳಕು ನನಗೇನೂ ಕಾಣಲಿಲ್ಲ. ನನ್ನದು ಸಮುವೇಲನ ಥರ. ದೇವರು ಕರೆದರೆ ಆ ಹುಡುಗ, ಮುದಿ ಯಾಜಕ ಏಲಿಯೇ ಕರೆದ ಅಂದುಕೊಂಡು ಅವನ ಹತ್ತಿರ ಓಡುತ್ತಾನೆ. ಮೂರನೇ ಸಲಕ್ಕೆ ಏಲಿಗೇ ಮೊದಲು ವಿಷಯ ಹೊಳೆಯುತ್ತದೆ. ನನಗೆ ಏಲಿ ಆದವರು ನಮ್ಮ ಸಭೆಯ ವಯಸ್ಸಾದ ಅಯ್ಯನವರು, ಅಂದರೆ ಪಾಸ್ಟರು. ಜಗಳೂರು ಕಡೆಯ ಹಳ್ಳಿಗಳಿಗೆ ಪ್ರಾರ್ಥನಾ ಕೂಟಕ್ಕೆ ಹೊರಟಾಗ "ಬಾರೋ, ವಾಕ್ಯ ಓದುವಿಯಂತೆ" ಅಂತ ಬಸ್ಸು ಹತ್ತಿಸುತ್ತಿದ್ದರು. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಾನು ಸುಮ್ನೆ ಜೊತೆಗೆ ಹೋಗುತ್ತಿದ್ದೆ. ಬರಬರುತ್ತಾ ಓದಿದ್ದನ್ನು ವಿವರಿಸು ಅಂದರು. ಕೊನೆಗೆ ಮಂಗಳೂರಿನ ಬಲ್ಮಠದ ಥಿಯಾಲಾಜಿಕಲ್ ಕಾಲೇಜಿಗೇ ಕಳಿಸಿದರು. ಗ್ರೀಕು, ಹೀಬ್ರೂ ಅಲ್ಲಿ ಕಲಿತೆ. ಸಾವಿನ ಮನೆಯಲ್ಲಿ ಬಾಯಿ ತೆರೆಯುವುದನ್ನು ಮಾತ್ರ ಊರಿಗೆ ಬಂದ ಮೇಲೇ ಕಲಿತದ್ದು.

ಈಗ ನಾನು ಹೋದ ಕೂಡಲೇ ಬೈಬಲ್ ತೆಗೆಯುವುದಿಲ್ಲ. ಮನೆಯವರ ಹತ್ತಿರ ಕೂರುತ್ತೇನೆ. ಬೈಬಲ್ಲಿನಲ್ಲಿ ಮಕ್ಕಳನ್ನೆಲ್ಲ ಕಳಕೊಂಡ ಯೋಬನ ಹತ್ತಿರ ಅವನ ಗೆಳೆಯರು ಏಳು ದಿನ ಮಾತಿಲ್ಲದೆ ಕೂತಿದ್ದರು. ಅವರು ಕೆಟ್ಟದ್ದು ಮಾತು ಶುರು ಮಾಡಿದ ಮೇಲೆ! ಆಮೇಲೆ ನಾನು ಓದುವುದು ಯೋಹಾನನ ಸುವಾರ್ತೆಯ 11ನೇ ಅಧ್ಯಾಯ. ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಯೇಸುಸ್ವಾಮಿ ಅತ್ತರು. ಹಾಗಿರುವಾಗ "ಅಳಬೇಡಿ" ಅನ್ನೋಕೆ ನಾನ್ಯಾರು? ಪೌಲ ಕೂಡ ಥೆಸಲೋನಿಕದ ಸಭೆಯವರಿಗೆ ಬರೆದ ಪತ್ರದಲ್ಲಿ ಅಳಲೇಬೇಡಿ ಅಂದಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂದ. ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ ಅನ್ನೋ ಮಾತಂತೂ ನನಗೆ ಆಗುವುದೇ ಇಲ್ಲ. ಮಗುವನ್ನು ಕಳಕೊಂಡ ತಾಯಿಯ ಮುಂದೆ ಅದನ್ನು ಯಾರೂ ಆಡಬಾರದು.

ಮಣ್ಣಾಗಿ ನೆಂಟರೆಲ್ಲ ಹೊರಟ ಬಳಿಕ ಮತ್ತೊಮ್ಮೆ ಹೋಗುತ್ತೇನೆ. ನಿಜವಾದ ಪ್ರಶ್ನೆ ಬರುವುದು ಆಗಲೇ. "ಅಯ್ಯನವರೇ, ಅಲ್ಲಿ ಅವರಿಗೆ ನಮ್ಮ ನೆನಪು ಇರುತ್ತಾ?" ಬೈಬಲ್ಲಿನಲ್ಲಿ ಇದಕ್ಕೆ ನೇರ ಉತ್ತರ ಇಲ್ಲ ಅಂತಲೇ ಹೇಳುತ್ತೇನೆ. ನನ್ನ ನಿರೀಕ್ಷೆ ಏನು ಅಂತ ಕೇಳಿದರೆ ಅದನ್ನೂ ಹೇಳುತ್ತೇನೆ. ಬೈಬಲ್ಲಿನ ಕೊನೆಯ ಪುಸ್ತಕ ಪ್ರಕಟನೆ ಹೇಳುವ ಚಿನ್ನದ ಬೀದಿಯ ಮೇಲೆ ನನಗೆ ಅಷ್ಟು ಆಸೆ ಇಲ್ಲ. ಅದೇ ಪುಸ್ತಕದ 21ನೇ ಅಧ್ಯಾಯದಲ್ಲಿ ದೇವರೇ ಕಣ್ಣೀರು ಒರೆಸುತ್ತಾನೆ ಅಂತ ಇದೆ. ಅಪ್ಪ ಅಮ್ಮನನ್ನು ಅಲ್ಲಿ ನೋಡುತ್ತೇನೆ ಅಂತ ನಂಬಿದ್ದೇನೆ.

ಸಂಡೇ ಸ್ಕೂಲಿನ ಮಕ್ಕಳಿಗೆ ಇನ್ನೊಂದು ಚಿಂತೆ: ಪರಲೋಕದಲ್ಲಿ ಬೆಣ್ಣೆ ದೋಸೆ ಸಿಗುತ್ತಾ? ಮೂಡಲಿಂದ, ಪಡುವಲಿಂದ ಜನ ಬಂದು ದೇವರ ರಾಜ್ಯದಲ್ಲಿ ಊಟಕ್ಕೆ ಕೂರುತ್ತಾರೆ ಅಂತ ಲೂಕನ ಸುವಾರ್ತೆಯಲ್ಲಿದೆ. ಊಟ ಗ್ಯಾರಂಟಿ, ಮೆನು ಮಾತ್ರ ಬರೆದಿಲ್ಲ ಅಂತೀನಿ.

ನಮ್ಮೂರಲ್ಲಿ ಮಣ್ಣಿಗೆ ಬರುವವರಲ್ಲಿ ಬೇರೆ ಧರ್ಮದವರೂ ಜಾಸ್ತಿ ಇರುತ್ತಾರೆ. ಪಕ್ಕದ ಮನೆಯ ಲಿಂಗಾಯತ ಮೇಷ್ಟ್ರು ಒಮ್ಮೆ ವಾಪಸ್ ಬರುವಾಗ ಕೇಳಿದರು: "ಪಾಸ್ಟ್ರೇ, ಆಚಾರವೇ ಸ್ವರ್ಗ ಅಂದುಬಿಟ್ಟಿದ್ದಾರೆ ಬಸವಣ್ಣನವರು. ನೀವ್ಯಾಕೆ ಸತ್ತ ಮೇಲಿನದಕ್ಕೆ ಕಾಯ್ತೀರಿ?" ಒಳ್ಳೇ ಪ್ರಶ್ನೆ ಅಲ್ವಾ? "ನೆಟ್ಟಗೆ ಬದುಕಬೇಕು ಅನ್ನೋದರಲ್ಲಿ ಜಗಳ ಇಲ್ಲ ಮೇಷ್ಟ್ರೇ" ಅಂದೆ. "ಆದರೆ ಯೇಸುಸ್ವಾಮಿಯ ಪಕ್ಕದ ಶಿಲುಬೆ ಮೇಲಿದ್ದ ಕಳ್ಳನಿಗೆ ಆಚಾರ ತಿದ್ದಿಕೊಳ್ಳೋಕೆ ಹೊತ್ತೇ ಇರಲಿಲ್ಲ. ಅವನಿಗೂ ಇವತ್ತೇ ನನ್ನ ಜೊತೆ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಇರ್ತೀಯ ಅಂದರು ಯೇಸುಸ್ವಾಮಿ. ನನ್ನ ಧೈರ್ಯ ಅದರ ಮೇಲೆ ನಿಂತಿದೆ." ಮೇಷ್ಟ್ರು ಒಪ್ಪಲಿಲ್ಲ. ಹಾಗಾದರೆ ಕದ್ದವನಿಗೂ ಕಷ್ಟಪಟ್ಟವನಿಗೂ ಒಂದೇ ಪಂಕ್ತಿಯೇನು ಅಂತ ಕೇಳಿದರು. ಹೌದು ಅಂದೆ. ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ಈಗಲೂ ಅದೇ ಚರ್ಚೆ ನಡೆಸಿದ್ದೇವೆ.