64 ಜಿಬಿಯ ಮಡಚೋ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿದ್ದು: ನನ್ನ ಅನುಭವ

2020ರಲ್ಲಿ ಕ್ಲಾಸೆಲ್ಲ ಆನ್‌ಲೈನ್ ಆದಾಗ ನಮ್ಮ ಶಾಲೇಲಿ ಬಹಳ ಜನ ಮೇಷ್ಟ್ರುಗಳು ಇಪ್ಪತ್ತು ಸಾವಿರದ ಆಸುಪಾಸಲ್ಲಿ ಸಿಗೋ ಲ್ಯಾಪ್‌ಟಾಪ್ ತಗೊಂಡ್ರು, ನಾನು ತಗೊಂಡಿದ್ದು ಸ್ಕ್ರೀನನ್ನ ಪೂರ್ತಿ ಹಿಂದಕ್ಕೆ ಮಡಚಿದ್ರೆ ಟ್ಯಾಬ್ಲೆಟ್ ಆಗೋ ಥರದ್ದು. 11.6 ಇಂಚು, ಸೆಲೆರಾನ್ ಎನ್4020, 4 ಜಿಬಿ ರ್‍ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜ್. ಗಣಿತ ಹೇಳಿಕೊಡೋನಿಗೆ ಸ್ಕ್ರೀನ್ ಮೇಲೇ ಬರೆದು ತೋರಿಸೋಕೆ ಆಗೋದು ದೊಡ್ಡ ಅನುಕೂಲ, ಅದಕ್ಕೇ ಈ ಮಷಿನ್ ಮೇಲೆ ನಂಗೆ ಇವತ್ತಿಗೂ ಪ್ರೀತಿ. ಆದ್ರೆ ಅವತ್ತು ಇಂಥದ್ದೇ ತಗೊಂಡ ಎಷ್ಟೋ ಜನ ಎರಡು ವರ್ಷದೊಳಗೆ "ಸಾರ್, ಸ್ಲೋ ಆಗೋಗಿದೆ, ಮಾರಿಬಿಡ್ತೀನಿ" ಅಂತ ಮೂಲೆಗಿಟ್ಟುಬಿಟ್ರು. ನಾನು ನೋಡಿದ ಮಟ್ಟಿಗೆ ಹತ್ರಲ್ಲಿ ಎಂಟು ಕೇಸಲ್ಲಿ ಪ್ರೊಸೆಸರ್ ಚೆನ್ನಾಗೇ ಇರುತ್ತೆ, ಸಿ ಡ್ರೈವ್ ಕೆಂಪಗಾಗಿ ಉಸಿರು ಕಟ್ಟಿರುತ್ತೆ ಅಷ್ಟೆ.

ಇಎಂಎಂಸಿ ಅಂದ್ರೆ ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿರೋ ಚಿಪ್ಪು, ಮೊಬೈಲ್‌ನಲ್ಲಿ ಇರೋ ಥರದ್ದೇ. ಬಿಚ್ಚಿ ಬದಲಾಯಿಸೋಕಾಗಲ್ಲ. ಡಬ್ಬದ ಮೇಲೆ 64 ಅಂತಿದ್ರೂ ವಿಂಡೋಸ್ ಲೆಕ್ಕದಲ್ಲಿ ಅದು 59.6 ಆಗುತ್ತೆ, ರಿಕವರಿ ಪಾರ್ಟಿಷನ್ ಕಳೆದ್ರೆ ಕೈಗೆ ಸಿಗೋದು 57-58. ಅದ್ರಲ್ಲಿ ವಿಂಡೋಸೇ 20-25 ತಿನ್ನುತ್ತೆ, ಅದ್ರ ಮೇಲೆ 2019ರ ಮೇ ತಿಂಗಳ ವರ್ಷನ್‌ನಿಂದ ಈಚೆಗೆ ಹೊಸ ಮಷಿನ್‌ಗಳಲ್ಲಿ ಅಪ್‌ಡೇಟ್‌ಗೆ ಅಂತ ಸುಮಾರು 7 ಜಿಬಿ ರಿಸರ್ವ್ ಬೇರೆ. ಉಳಿದ ಜಾಗಕ್ಕೆ ಆಫೀಸು, ನುಡಿ, ಕ್ರೋಮು, ಮಕ್ಕಳು ಕಳಿಸೋ ಹೋಂವರ್ಕ್ ಫೋಟೋ, ರೆಕಾರ್ಡ್ ಮಾಡಿದ ಕ್ಲಾಸು ಎಲ್ಲ ಸೇರಿಕೊಂಡ್ರೆ ಕಥೆ ಮುಗೀತು. ಜಾಗ ಪೂರ್ತಿ ತುಂಬಿದಾಗ ಚಿಪ್ಪಿಗೆ ಹಳೇದನ್ನ ಅಳಿಸಿ ಹೊಸದು ಬರೆಯೋಕೆ ಖಾಲಿ ಬ್ಲಾಕ್ ಸಿಗಲ್ಲ, ಆಗ್ಲೇ ಅದು ಇನ್ನೂ ನಿಧಾನ ಆಗೋದು. ಹಂಗಾಗಿ ಹತ್ತು ಜಿಬಿ ಆದ್ರೂ ಖಾಲಿ ಇಟ್ಕೊಳ್ಳಿ.

ಸ್ಕ್ರೂಡ್ರೈವರ್ ಹಿಡಿಯೋಕೆ ಮುಂಚೆ ನಾನು ಬಹಳ ದಿನ ಪುಗಸಟ್ಟೆ ಉಪಾಯಗಳಲ್ಲೇ ಕಾಲ ತಳ್ಳಿದೆ. ಡಿಸ್ಕ್ ಕ್ಲೀನಪ್ ತೆಗೆದು ಸಿಸ್ಟಮ್ ಫೈಲ್‌ಗಳನ್ನೂ ಸೇರಿಸೋ ಬಟನ್ ಒತ್ತಿದ್ರೆ ದೊಡ್ಡ ಅಪ್‌ಡೇಟ್ ಆದ್ಮೇಲೆ ಉಳಿಯೋ ಹಳೇ ವಿಂಡೋಸ್ ಹೋಗುತ್ತೆ, ಅದೊಂದ್ರಲ್ಲೇ ಹತ್ತು ಜಿಬಿಗೂ ಹೆಚ್ಚು ಸಿಕ್ಕಿದ್ದುಂಟು. ಹೈಬರ್ನೇಷನ್ (ತೆರೆದಿದ್ದನ್ನೆಲ್ಲ ಡಿಸ್ಕ್‌ಗೆ ಬರೆದಿಟ್ಟು ಮಷಿನ್ ಆಫ್ ಮಾಡೋ ಸೌಲಭ್ಯ) ಆಫ್ ಮಾಡಿದ್ರೆ ಒಂದೂವರೆ ಜಿಬಿ. ಕಾಂಪ್ಯಾಕ್ಟ್ ಓಎಸ್ ಅಂತ ಒಂದಿದೆ, ವಿಂಡೋಸ್‌ನ ತನ್ನದೇ ಫೈಲ್‌ಗಳನ್ನ ಕಂಪ್ರೆಸ್ ಮಾಡಿ ಇಡುತ್ತೆ, ಅದ್ರಿಂದ ಇನ್ನೊಂದೆರಡು ಜಿಬಿ ಬರುತ್ತೆ. ಒನ್‌ಡ್ರೈವ್‌ನಲ್ಲಿರೋ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ "ಫ್ರೀ ಅಪ್ ಸ್ಪೇಸ್" ಕೊಟ್ರೆ ಹೆಸರು ಮಾತ್ರ ಇಲ್ಲಿರುತ್ತೆ, ಫೈಲು ಕ್ಲೌಡಲ್ಲಿರುತ್ತೆ, ನೆಟ್ ಚೆನ್ನಾಗಿರೋ ಊರಲ್ಲಿ ಮಾತ್ರ ಇದು ಸರಿ.

ಮೈಕ್ರೋ ಎಸ್‌ಡಿ ಕಾರ್ಡ್ ಬಗ್ಗೆ ಎಲ್ಲರೂ ಕೇಳ್ತಾರೆ. ಹಾಕಿ, ಆದ್ರೆ ಬರೀ ಫೈಲ್ ಇಡೋಕೆ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ವಿಡಿಯೋಸ್ ಈ ಮೂರು ಫೋಲ್ಡರ್‌ಗಳ ಪ್ರಾಪರ್ಟೀಸ್‌ನಲ್ಲಿ ಲೊಕೇಷನ್ ಟ್ಯಾಬ್ ಇರುತ್ತೆ, ಅಲ್ಲಿಂದ ಕಾರ್ಡ್‌ಗೆ ಸಾಗಿಸಿಬಿಟ್ರೆ ಆಮೇಲೆ ತಲೆ ಕೆಡಿಸ್ಕೊಳ್ಳೋದೇ ಬೇಡ. ಕಾರ್ಡ್ ಮೇಲೆ ಎ1 ಅಂತ ಮಾರ್ಕ್ ಇರೋದು ತಗೊಳ್ಳಿ. ಸೆಕೆಂಡಿಗೆ ಕನಿಷ್ಠ 1500 ಸಣ್ಣ ರೀಡು, 500 ಸಣ್ಣ ರೈಟು ಮಾಡುತ್ತೆ ಅಂತ ಅದ್ರ ಅರ್ಥ, ಮಾರ್ಕ್ ಇಲ್ಲದ ಕಾರ್ಡಿಗೆ ಆ ಖಾತ್ರಿ ಇಲ್ಲ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪಲ್ಲಿ ಕಾರ್ಡ್ ರೀಡರ್ ಒಳಗಡೆ ಯುಎಸ್‌ಬಿ 2ಕ್ಕೆ ಸೇರಿರುತ್ತೆ, ಕಾರ್ಡ್ ಮೇಲೆ 100 ಎಂಬಿ ಅಂತ ಬರೆದಿದ್ರೂ 40 ದಾಟಲ್ಲ. ಪ್ರೋಗ್ರಾಂ ಮಾತ್ರ ಅದಕ್ಕೆ ಹಾಕ್ಬೇಡಿ, ಸ್ಲೀಪಿಂದ ಎದ್ದಾಗ ಕಾರ್ಡ್ ಕಾಣಿಸದೇ ಹೋದ್ರೆ ತೆರೆದಿದ್ದೆಲ್ಲ ನೇತಾಡುತ್ತೆ. ಮತ್ತೆ ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಕಾರ್ಡ್ ಪರೀಕ್ಷೆ ಮಾಡೋ ಪ್ರೋಗ್ರಾಂ ಹಾಕಿ ಪೂರ್ತಿ ಬರೆದು ಓದಿಸಿ ನೋಡಿ, ನಕಲಿ ಕಾರ್ಡ್ ಇದ್ರೆ ಅಲ್ಲೇ ಸಿಕ್ಕಿಬೀಳುತ್ತೆ.

ಇನ್ನು ಎಸ್‌ಎಸ್‌ಡಿ ವಿಷಯ, ಅಂದ್ರೆ ಹಾರ್ಡ್‌ಡಿಸ್ಕ್ ಜಾಗದಲ್ಲಿ ಹಾಕೋ, ಚಿಪ್ಪಲ್ಲೇ ಫೈಲ್ ಇಡೋ ವೇಗದ ಡ್ರೈವ್. ನನ್ನ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ ಓದಿದಾಗ ಒಳಗಡೆ ಒಂದು ಖಾಲಿ ಎಂ.2 ಸ್ಲಾಟ್ (ಕಡ್ಡಿಯಂಥ ತೆಳು ಎಸ್‌ಎಸ್‌ಡಿ ಕೂರೋ ಜಾಗ) ಇದೆ ಅಂತ ಗೊತ್ತಾಯ್ತು, ಮಾರುವಾಗ ಯಾರೂ ಹೇಳಿರಲಿಲ್ಲ. ಒಂದೇ ಸೀರೀಸ್‌ನಲ್ಲೂ ಒಂದು ಮಾಡೆಲ್‌ಗೆ ಸ್ಲಾಟ್ ಇರುತ್ತೆ, ಪಕ್ಕದ ನಂಬರಿಂದಕ್ಕೆ ಬೋರ್ಡಲ್ಲಿ ಜಾಗ ಇರುತ್ತೆ ಕನೆಕ್ಟರ್ರೇ ಇರಲ್ಲ, ಹಾಗಾಗಿ ಪೂರ್ತಿ ಮಾಡೆಲ್ ನಂಬರ್ ಇಟ್ಕೊಂಡೇ ನೋಡ್ಬೇಕು. ನೋಡ್ಬೇಕಾದ್ದು ಉದ್ದ ಮತ್ತೆ ಜಾತಿ. 2242 ಅಂದ್ರೆ 22 ಮಿಲಿಮೀಟರ್ ಅಗಲ 42 ಉದ್ದ, 2280 ಅಂದ್ರೆ 80 ಉದ್ದ. ಜಾತಿ ಅಂದ್ರೆ ಎಸ್‌ಎಸ್‌ಡಿ ಮಷಿನ್ ಜೊತೆ ಮಾತಾಡೋ ರೀತಿ, ಹಳೇ ಸಾಟಾನೋ ಹೊಸ ಎನ್‌ವಿಎಂಇನೋ ಅನ್ನೋದು, ನನ್ನದು ಸಾಟಾ ಮಾತ್ರ ತಗೊಳ್ಳೋ ಸ್ಲಾಟು, ಉದ್ದ 2280. ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಅಂಗಡಿ ಹುಡುಗ "ಸಾರ್ ಎನ್‌ವಿಎಂಇ ತಗೊಳ್ಳಿ, ಅದೇ ಫಾಸ್ಟು, ರೇಟೂ ಅಷ್ಟೇ" ಅಂತ ಒತ್ತಾಯ ಮಾಡ್ದ, ಪಾಪ ಅವನು ಹೇಳಿದ್ದು ಸುಳ್ಳಲ್ಲ, ಆದ್ರೆ ಸಾಟಾ ಸ್ಲಾಟಿಗೆ ಎನ್‌ವಿಎಂಇ ಹಾಕಿದ್ರೆ ಮಷಿನ್‌ಗೆ ಅದು ಕಾಣೋದೇ ಇಲ್ಲ. ಸಾಟಾ ಕಡ್ಡಿಗಳಿಗೆ ಸಾಮಾನ್ಯವಾಗಿ ಚಿನ್ನದ ಬಣ್ಣದ ಹಲ್ಲುಗಳ ನಡುವೆ ಎರಡು ಕಡೆ ಕಚ್ಚು ಇರುತ್ತೆ, ಎನ್‌ವಿಎಂಇಗೆ ಹೆಚ್ಚಾಗಿ ಒಂದೇ. ಆದ್ರೆ ಕಚ್ಚು ನೋಡಿನೇ ತೀರ್ಮಾನ ಮಾಡ್ಬೇಡಿ, ಲೇಬಲ್ ಮೇಲೆ ಸಾಟಾ ಅಂತ ಇದೆಯಾ ಓದಿ. 256 ಜಿಬಿದು ತಗೊಂಡೆ.

ಬಿಚ್ಚೋಕೆ ಮುಂಚೆ ಮಾಡ್ಕೊಂಡ ತಯಾರಿನೇ ಈ ಕೆಲಸದಲ್ಲಿ ಮುಖ್ಯ ಅಂತೀನಿ. ಒಂದು, ಡಿವೈಸ್ ಎನ್‌ಕ್ರಿಪ್ಷನ್ (ಡ್ರೈವ್‌ಗೆ ಬೀಗ ಹಾಕಿಡೋ ವ್ಯವಸ್ಥೆ) ಆನ್ ಇದ್ರೆ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಬಿಟ್‌ಲಾಕರ್ ರಿಕವರಿ ಕೀ, ಅಂದ್ರೆ ಆ ಬೀಗ ತೆಗೆಯೋ ನಂಬರ್, ತೆಗೆದು ಕಾಗದದಲ್ಲಿ ಬರೆದಿಡಬೇಕು. ಎರಡನೇದು ಮಡಚೋ ಲ್ಯಾಪ್‌ಟಾಪ್ ಇರೋರು ತಪ್ಪದೇ ಮಾಡ್ಬೇಕಾದ್ದು, ಡ್ರೈವರ್‌ಗಳ (ಮಷಿನ್‌ನ ಒಂದೊಂದು ಭಾಗವನ್ನೂ ವಿಂಡೋಸ್ ನಡೆಸೋಕೆ ಬೇಕಾದ ಸಾಫ್ಟ್‌ವೇರ್) ಬ್ಯಾಕಪ್. ಮಾಮೂಲಿ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹೊಸದಾಗಿ ಹಾಕಿದ್ರೆ ಹೆಚ್ಚುಕಡಿಮೆ ಎಲ್ಲ ತಾನಾಗೇ ಬರುತ್ತೆ, ಆದ್ರೆ ಇಂಥ ಮಷಿನ್‌ಗಳಲ್ಲಿ ಟಚ್ ಸ್ಕ್ರೀನ್ ಮತ್ತೆ ತಿರುಗಿಸಿದಾಗ ಗೊತ್ತುಮಾಡಿಕೊಳ್ಳೋ ಸೆನ್ಸರ್‌ನ ಡ್ರೈವರ್ ಎಷ್ಟೋ ಸಲ ಆ ಮಾಡೆಲ್‌ಗೇ ಅಂತ ಮಾಡಿರೋದು, ಅದಿಲ್ಲದಿದ್ರೆ ಬೆರಳಿಟ್ಟ ಕಡೆ ಬಿಟ್ಟು ಇನ್ನೆಲ್ಲೋ ಗೆರೆ ಬೀಳುತ್ತೆ, ಚಿತ್ರ ತಲೆಕೆಳಗೆ ನಿಲ್ಲುತ್ತೆ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ವಿಂಡೋಸ್ ಜೊತೆಗೇ ಬರೋ ಪಿಎನ್‌ಪಿ-ಯುಟಿಲ್‌ನ ಎಕ್ಸ್‌ಪೋರ್ಟ್ ಕಮಾಂಡ್‌ನಿಂದ ಎಲ್ಲ ಡ್ರೈವರ್‌ನೂ ಪೆನ್‌ಡ್ರೈವ್‌ಗೆ ಇಳಿಸ್ಕೊಂಡೆ. ಇನ್ನೊಂದು 8 ಜಿಬಿ ಪೆನ್‌ಡ್ರೈವ್‌ಗೆ ವಿಂಡೋಸ್ ಇನ್‌ಸ್ಟಾಲರ್. ಫೈಲ್‌ಗಳ ಕಾಪಿ ಬೇರೆ ಹಾರ್ಡ್‌ಡಿಸ್ಕಲ್ಲಿ.

ತಳದಲ್ಲಿ ಕಾಣೋ ಸ್ಕ್ರೂ ಜೊತೆಗೆ ರಬ್ಬರ್ ಪಾದಗಳ ಕೆಳಗೂ ಸ್ಕ್ರೂ ಅಡಗಿರುತ್ತೆ, ಅವನ್ನ ತೆಗೀದೇ ಎಳೆದ್ರೆ ಪ್ಲಾಸ್ಟಿಕ್ ಮುರಿಯುತ್ತೆ. ಹಳೇ ಎಟಿಎಂ ಕಾರ್ಡ್ ಅಂಚಿಗೆ ತೂರಿಸಿ ಸುತ್ತ ನಿಧಾನಕ್ಕೆ ಓಡಿಸಿದ್ರೆ ಲಾಕ್‌ಗಳು ಟಕ್ ಟಕ್ ಅಂತ ಬಿಡ್ತವೆ, ಹಿಂಜ್ ಇರೋ ಕಡೆಯನ್ನ ಕೊನೇಗೆ ಬಿಡಿಸಿ. ತೆಗೆದ ತಕ್ಷಣ ಬ್ಯಾಟರಿ ಕೇಬಲ್ ಬಿಡಿಸಿದೆ. ಎಸ್‌ಎಸ್‌ಡಿನ ಓರೆಯಾಗಿ ತೂರಿಸಿದ್ರೆ ಒಂದು ತುದಿ ಮೇಲಕ್ಕೆದ್ದು ನಿಲ್ಲುತ್ತೆ, ಅದನ್ನ ಬೆರಳಲ್ಲಿ ಒತ್ತಿ ಹಿಡ್ಕೊಂಡು ಸ್ಕ್ರೂ ಹಾಕ್ಬೇಕು. ಆ ಸ್ಕ್ರೂ ಎಳ್ಳುಕಾಳಿನಷ್ಟಿರುತ್ತೆ, ಎಷ್ಟೋ ಲ್ಯಾಪ್‌ಟಾಪಲ್ಲಿ ಬಂದಿರೋದೇ ಇಲ್ಲ, ಎಸ್‌ಎಸ್‌ಡಿ ತಗೋವಾಗಲೇ ಕೇಳಿ ಇಸ್ಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಗಮನ ಕೊಡಬೇಕಾದ ಒಂದು ಜಾಗ ಇದೆ. ಇಎಂಎಂಸಿಲಿ ಹಳೇ ವಿಂಡೋಸ್ ಇದ್ದಾಗಲೇ ಎಸ್‌ಎಸ್‌ಡಿಗೆ ಹೊಸದು ಹಾಕಿದ್ರೆ ವಿಂಡೋಸ್ ಏನೋ ಎಸ್‌ಎಸ್‌ಡಿಗೆ ಹೋಗುತ್ತೆ, ಮಷಿನ್ ಆನ್ ಮಾಡಿದಾಗ ವಿಂಡೋಸ್‌ನ ಶುರು ಮಾಡೋ ಬೂಟ್ ಫೈಲ್‌ಗಳು ಮಾತ್ರ ಹಳೇ ಇಎಂಎಂಸಿಯ ಇಎಫ್‌ಐ ಪಾರ್ಟಿಷನ್‌ನಲ್ಲೇ ಕೂತುಬಿಡ್ತವೆ. ನಾಳೆ ಆ ಚಿಪ್ಪು ಕೈಕೊಟ್ರೆ ಇಡೀ ಮಷಿನ್ ಏಳಲ್ಲ. ನಾನು ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗೋಕೆ ಮುಂಚೆ ತೆರೆಯೋ ಮಷಿನ್‌ನ ಸೆಟ್ಟಿಂಗ್ಸ್) ಇಎಂಎಂಸಿನ ಡಿಸೇಬಲ್ ಮಾಡಿ ಆಮೇಲೆ ಇನ್‌ಸ್ಟಾಲ್ ಮಾಡ್ದೆ. ಬಯಾಸ್‌ನಲ್ಲಿ ಆ ಆಯ್ಕೆ ಇಲ್ಲದೋರು, ಬ್ಯಾಕಪ್ ಸರಿಯಿದೆ ಅಂತ ಎರಡು ಸಲ ನೋಡ್ಕೊಂಡು, ಇನ್‌ಸ್ಟಾಲರ್‌ನಲ್ಲೇ ಇಎಂಎಂಸಿಯ ಪಾರ್ಟಿಷನ್‌ಗಳನ್ನ ಅಳಿಸಿ ಮುಂದುವರಿಬಹುದು. ಲೈಸೆನ್ಸ್ ಮದರ್‌ಬೋರ್ಡ್‌ಗೇ ಕಟ್ಟಿರೋದ್ರಿಂದ ಕೀ ಏನೂ ಕೇಳಲಿಲ್ಲ, ನೆಟ್‌ಗೆ ಹಾಕಿದ ತಕ್ಷಣ ಆಕ್ಟಿವೇಟ್ ಆಯ್ತು. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಬಂದವಕ್ಕೆಲ್ಲ ಪೆನ್‌ಡ್ರೈವ್ ಫೋಲ್ಡರ್ ತೋರಿಸ್ದೆ, ಟಚ್ ಸರಿಯಾಯ್ತು, ಮಡಚಿದ್ರೆ ಕೀಬೋರ್ಡ್ ತಾನಾಗೇ ಆಫ್ ಆಗೋದೂ ಸರಿಯಾಯ್ತು.

ವೇಗದ ಮಾತು ಹೇಳೋದಾದ್ರೆ, ದೊಡ್ಡ ಫೈಲ್ ಓದೋದ್ರಲ್ಲಿ ಇಎಂಎಂಸಿ 250-300 ಎಂಬಿ ಕೊಡ್ತಿತ್ತು, ಸಾಟಾ 500 ದಾಟುತ್ತೆ. ದಿನಾ ಕೈಗೆ ತಿಳಿಯೋ ವ್ಯತ್ಯಾಸ ಮಾತ್ರ ಸಣ್ಣ ಸಣ್ಣ ಬರವಣಿಗೆಯದು, ಹಿಂದೆ ಅಪ್‌ಡೇಟ್ ನಡೀತಿದ್ರೆ ಕ್ಲಾಸ್ ನಡೆಸೋಕೇ ಆಗ್ತಿರಲಿಲ್ಲ, ಈಗ ಅದು ನಡೀತಿರೋದೇ ಗೊತ್ತಾಗಲ್ಲ. ಹಾಗಂತ ಎನ್4020 ಬೇರೆ ಪ್ರೊಸೆಸರ್ ಆಗಿಬಿಡಲ್ಲ, 4 ಜಿಬಿ ರ್‍ಯಾಮೂ ಬೆಸುಗೆ ಹಾಕಿರೋದೇ, ಇಪ್ಪತ್ತು ಟ್ಯಾಬ್ ತೆಗೆದ್ರೆ ಇವತ್ತೂ ಏದುಸಿರು ಬಿಡುತ್ತೆ. ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು, 11ಕ್ಕೆ ಕನಿಷ್ಠ 64 ಜಿಬಿ ಸ್ಟೋರೇಜ್ ಬೇಕು, ಎನ್4020 ಅದ್ರ ಪಟ್ಟಿಯಲ್ಲಿದೆ, ಹಳೇ ಎನ್3350 ಇಲ್ಲ. ಅಂಥದ್ದು ಇರೋರು ಲಿನಕ್ಸ್ ಹಾಕ್ಕೊಳ್ಳೋದು ವಾಸಿ.

ಹಳೇ ಇಎಂಎಂಸಿನ ಆಮೇಲೆ ಬಯಾಸ್‌ನಲ್ಲಿ ಮತ್ತೆ ಆನ್ ಮಾಡಿ ಫಾರ್ಮ್ಯಾಟ್ ಮಾಡಿ, ಪಾಠದ ಫೈಲ್‌ಗಳ ಇನ್ನೊಂದು ಪ್ರತಿ ಇಡೋಕೆ ಬಳಸ್ತಿದ್ದೀನಿ. ಸ್ಲಾಟೇ ಇಲ್ಲದ ಮಾಡೆಲ್ ನಿಮ್ಮದಾದ್ರೆ ಕಾರ್ಡ್ ಬದಲು ಸಣ್ಣ ಯುಎಸ್‌ಬಿ 3 ಎಸ್‌ಎಸ್‌ಡಿ ತಗೊಳ್ಳಿ, ನೀಲಿ ಬಣ್ಣದ ಪೋರ್ಟಿಗೇ ಹಾಕಿ. ದೊಡ್ಡ ಅಪ್‌ಡೇಟ್ ಬಂದು ಜಾಗ ಸಾಲದು ಅಂದಾಗ ವಿಂಡೋಸ್ ತಾನೇ ಹೊರಗಿನ ಡ್ರೈವ್ ಬಳಸ್ಲಾ ಅಂತ ಕೇಳುತ್ತೆ, ಅದೇ ಎಸ್‌ಎಸ್‌ಡಿನ ತೋರಿಸಿ, ಅಪ್‌ಡೇಟ್ ಪೂರ್ತಿ ಮುಗಿಯೋವರೆಗೂ ಕೀಳಬೇಡಿ.