ಮನೆ ಹತ್ತಿರದ ಸಾಫ್ಟ್‌ವೇರ್ ಕೆಲಸ: ಮೊದಲು ನಕ್ಷೆ, ಆಮೇಲೆ ಪೋರ್ಟಲ್

ಮನೆ ಹತ್ತಿರವೇ ಕೆಲಸ ಬೇಕು ಅಂತ ತೀರ್ಮಾನಿಸಿದ ಮೇಲೆ ನಾನು ಮೊದಲು ತೆರೆದದ್ದು ನಕ್ಷೆ. ಜಾಬ್ ಪೋರ್ಟಲ್ ಕೆಲಸವನ್ನು ಮೊದಲು ತೋರಿಸುತ್ತದೆ, ಜಾಗವನ್ನು ಆಮೇಲೆ. ನನ್ನ ಲೆಕ್ಕ ಉಲ್ಟಾ ಇತ್ತು. ಜಾಗ ಆಗಲೇ ಗೊತ್ತಿತ್ತು. ಅಲ್ಲಿ ಯಾರಿಗೆ ಪ್ರೋಗ್ರಾಮರ್ ಬೇಕಾಗಿದ್ದಾರೆ ಅನ್ನುವುದು ಗೊತ್ತಾಗಬೇಕಿತ್ತು, ಅಷ್ಟೆ.

ಪೋರ್ಟಲ್‌ಗಳ ದೂರದ ಫಿಲ್ಟರ್ ಸಾಮಾನ್ಯವಾಗಿ ಮನೆಯ ಸುತ್ತ ಒಂದು ವೃತ್ತ ಎಳೆಯುತ್ತದೆ. ನಡುವೆ ನದಿ ಇದೆಯೋ, ರೈಲು ಹಳಿ ಇದೆಯೋ, ಅದಕ್ಕೆ ಸಂಬಂಧವಿಲ್ಲ. ನಕ್ಷೆಯಲ್ಲಿ ಕೈಗೆ ಸಿಗುವಂತೆ ಕಾಣುವ ಕಟ್ಟಡಕ್ಕೆ ಸುತ್ತು ಹಾಕಿ ಹೋಗಬೇಕಾಗಬಹುದು. ಹಾಗಾಗಿ ಕಿಲೋಮೀಟರ್ ಬಿಟ್ಟು ನಿಮಿಷ ಹಿಡಿದೆ. ಗೂಗಲ್ ಮ್ಯಾಪ್ಸ್‌ನಲ್ಲಿ ಇಷ್ಟು ಗಂಟೆಗೆ ತಲುಪಬೇಕು ಅಂತ ಸಮಯ ಕೊಟ್ಟು ನೋಡಬಹುದು. ಭಾನುವಾರ ಮಧ್ಯಾಹ್ನ ಸುಮ್ನೆ ಕೂತು ನೋಡಿದ ದಾರಿಗೂ ಸೋಮವಾರ ಬೆಳಗಿನ ದಾರಿಗೂ ತುಂಬಾ ವ್ಯತ್ಯಾಸ ಇರುತ್ತದೆ. ಓಪನ್‌ರೂಟ್‌ಸರ್ವಿಸ್ ಅನ್ನುವ ಉಚಿತ ಸೇವೆಯೂ ಇದೆ. 30 ನಿಮಿಷದಲ್ಲಿ ಎಲ್ಲೆಲ್ಲಿಗೆ ತಲುಪಬಹುದು ಅಂತ ಕೇಳಿದರೆ ನಕ್ಷೆಯ ಮೇಲೆ ಅಷ್ಟು ಜಾಗಕ್ಕೆ ಬಣ್ಣ ಬಳಿದು ತೋರಿಸುತ್ತದೆ. ಅದು ವೃತ್ತದ ಥರ ಇರುವುದೇ ಇಲ್ಲ. ಒಂದು ರಸ್ತೆಗುಂಟ ಉದ್ದಕ್ಕೆ ಚಾಚಿಕೊಂಡಿರುತ್ತದೆ, ಇನ್ನೊಂದು ಕಡೆ ಮನೆ ಪಕ್ಕದಲ್ಲೇ ನಿಂತುಬಿಡುತ್ತದೆ. ನನ್ನ ಹುಡುಕಾಟದ ಎಲ್ಲೆ ಅದೇ ಆಯಿತು.

ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸಿಕೊಳ್ಳಬೇಕು ಅನ್ನುವವರಿಗೆ ಒಂದು ಮಾತು. 2004ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಜೊತೆಗಾರರು ಕೆಲಸಕ್ಕೆ ಹೋಗುವ 909 ಮಹಿಳೆಯರಿಂದ ಹಿಂದಿನ ದಿನ ಏನೇನು ಮಾಡಿದಿರಿ, ಆಗ ಹೇಗನ್ನಿಸಿತು ಅಂತ ಬರೆಸಿಕೊಂಡರು. ಖುಷಿಯ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಳಗೆ ಬಂದದ್ದು ಬೆಳಗಿನ ಪ್ರಯಾಣ. ಆಫೀಸಿನ ಕೆಲಸಕ್ಕಿಂತಲೂ ಕೆಳಗೆ!

ನಂತರದ ಹೆಜ್ಜೆ, ಆ ಬಣ್ಣದ ಜಾಗದೊಳಗೆ ಇರುವ ಸಂಸ್ಥೆಗಳ ಪಟ್ಟಿ. ಸಾಫ್ಟ್‌ವೇರ್ ಕಂಪನಿಗಳು ಬೇಗ ಮುಗಿದವು. ಎಲ್ಲರಿಗೂ ಗೊತ್ತಿರುವ ಹೆಸರುಗಳು, ಎಲ್ಲರೂ ಅರ್ಜಿ ಹಾಕುವ ಜಾಗಗಳು. ನಿಜವಾದ ಪಟ್ಟಿ ಶುರುವಾದದ್ದು ಆಮೇಲೆ. ಆಸ್ಪತ್ರೆ, ಬ್ಯಾಂಕು, ವಿಮಾ ಕಚೇರಿ, ಕಾರ್ಖಾನೆ, ಗೋದಾಮು, ವಿಶ್ವವಿದ್ಯಾಲಯ, ಅಳತೆಯ ಉಪಕರಣ ತಯಾರಿಸುವವರು. ಇಂಥ ಕಡೆಯೂ ಸಾಫ್ಟ್‌ವೇರ್ ಬರೆಯುವವರು, ನೋಡಿಕೊಳ್ಳುವವರು ಬೇಕಾಗುತ್ತಾರೆ. ಆದರೆ ಅವರ ಜಾಹೀರಾತಿನಲ್ಲಿ 'ಸಾಫ್ಟ್‌ವೇರ್ ಎಂಜಿನಿಯರ್' ಅನ್ನುವ ಹೆಸರು ಇರಲೇಬೇಕು ಅಂತಿಲ್ಲ. ಸಿಸ್ಟಮ್ಸ್ ಅನಲಿಸ್ಟ್, ಅಪ್ಲಿಕೇಶನ್ ಸಪೋರ್ಟ್, ಇಆರ್‌ಪಿ (ಲೆಕ್ಕಪತ್ರ, ದಾಸ್ತಾನು, ಖರೀದಿ ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್) ಡೆವಲಪರ್, ಡೇಟಾಬೇಸ್ ಅಡ್ಮಿನ್, ಆಟೊಮೇಶನ್ ಎಂಜಿನಿಯರ್ ಅಂತೆಲ್ಲ ಇರುತ್ತದೆ. ಕೆಲವರು ಪೋರ್ಟಲ್‌ಗೆ ಹಾಕುವುದೂ ಇಲ್ಲ, ತಮ್ಮ ವೆಬ್‌ಸೈಟಿನ ಮೂಲೆಯಲ್ಲಿ ಹಾಕಿ ಸುಮ್ಮನಾಗುತ್ತಾರೆ. ಗೂಗಲ್‌ನಲ್ಲಿ 'ಸೈಟ್' ಆಪರೇಟರ್ ಹಾಕಿ (site: ಅಂತ ಬರೆದು ಅದಕ್ಕೆ ಅಂಟಿಸಿ ವೆಬ್‌ಸೈಟಿನ ವಿಳಾಸ), ಒಂದೊಂದೇ ವೆಬ್‌ಸೈಟಿನೊಳಗೆ ಈ ಹೆಸರುಗಳನ್ನು ಹುಡುಕುವುದು ನನ್ನ ಸಂಜೆಯ ಕೆಲಸವಾಯಿತು. ಬೇಸರದ ಕೆಲಸ, ನಿಜ. ಆದರೆ ಅಲ್ಲಿ ಪೈಪೋಟಿ ಕಡಿಮೆ.

ಇಂಥ ಜಾಗಗಳಿಗೆ ರೆಸ್ಯೂಮೆ ಬೇರೆ ಥರ ಬೇಕಾಗುತ್ತದೆ. ಹೊಸ ಫ್ರೇಮ್‌ವರ್ಕ್‌ಗಳ ಹೆಸರು ಸಾಲು ಹಚ್ಚಿದರೆ ಯಾರೂ ಮೆಚ್ಚುವುದಿಲ್ಲ. ಅವರದೇ ಲೋಕದ ಮಾತು ಗೊತ್ತಿರಬೇಕು. ಆಸ್ಪತ್ರೆಯಾದರೆ ಒಂದು ಸಿಸ್ಟಮ್‌ನಿಂದ ಇನ್ನೊಂದಕ್ಕೆ ರೋಗಿಯ ಮಾಹಿತಿ ಸಾಗಿಸುವ ಎಚ್‌ಎಲ್‌7 ಅನ್ನುವ ಮಾನದಂಡ. ಕಾರ್ಖಾನೆಯಾದರೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್ ಪಿಎಲ್‌ಸಿ, ಯಂತ್ರಗಳ ಮೇಲೆ ಒಂದೇ ಕಡೆಯಿಂದ ಕಣ್ಣಿಡುವ ಸ್ಕಾಡಾ, ಯಂತ್ರದ ಡೇಟಾ ಮೇಲಕ್ಕೆ ತರುವ ಓಪಿಸಿ ಯುಎ. ಎಲ್ಲ ಕಡೆಯೂ ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್. ನಾನು ಎಸ್‌ಕ್ಯೂಎಲ್ ಗಟ್ಟಿ ಮಾಡಿಕೊಂಡೆ. ಕಾರ್ಖಾನೆಯ ಕಡೆಯದನ್ನು ಮಾತಾಡುವಷ್ಟು ಓದಿಕೊಂಡೆ. ಉಳಿದದ್ದನ್ನು ಬಿಟ್ಟೆ. ರೆಸ್ಯೂಮೆಯ ಮೊದಲ ಸಾಲಿನಲ್ಲೇ ನಾನಿರುವ ಬಡಾವಣೆಯ ಹೆಸರು ಬರೆದೆ. ರಾತ್ರಿ ಸರ್ವರ್ ಬಿದ್ದರೆ ಬರಬಲ್ಲ ಮನುಷ್ಯ ಹತ್ತಿರದಲ್ಲೇ ಇದ್ದಾನೆ ಅನ್ನುವುದು ಅಂಥ ಕಡೆ ದೊಡ್ಡ ಅರ್ಹತೆ.

ಪರಿಚಯದವರ ಬಗ್ಗೆ ಒಂದು ವಿಷಯ. ಆಪ್ತ ಗೆಳೆಯರಿಗಿಂತ ಅಲ್ಪಸ್ವಲ್ಪ ಪರಿಚಯದವರಿಂದಲೇ ಕೆಲಸದ ಸುದ್ದಿ ಜಾಸ್ತಿ ಬರುತ್ತದೆ ಅಂತ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಬರೆದಿದ್ದರು. ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ ಬಂತು. ತೀರಾ ದೂರದವರೂ ಅಲ್ಲದ, ತೀರಾ ಹತ್ತಿರದವರೂ ಅಲ್ಲದ ನಡುವಿನ ಪರಿಚಯಗಳೇ ಜಾಸ್ತಿ ಉಪಯೋಗಕ್ಕೆ ಬಂದವು ಅಂತ ಅದೂ ಹೇಳಿತು. ನನ್ನ ಗೆಳೆಯರಿಗೆ ಗೊತ್ತಿದ್ದ ಕೆಲಸಗಳೆಲ್ಲ ನನಗೂ ಗೊತ್ತಿದ್ದವೇ, ಅಲ್ವಾ? ಹಾಗಾಗಿ ಹಳೆಯ ಸಹೋದ್ಯೋಗಿಗಳ ಸಹೋದ್ಯೋಗಿಗಳಲ್ಲಿ, ನನ್ನ ಎಲ್ಲೆಯೊಳಗೆ ಕೆಲಸ ಮಾಡುವವರನ್ನು ಹುಡುಕಿ ಬರೆದೆ. ಕೆಲಸ ಕೊಡಿಸಿ ಅಂತ ಕೇಳಲಿಲ್ಲ. "ನಿಮ್ಮ ಟೀಮ್ ಇದೇ ಕಟ್ಟಡದಲ್ಲಿ ಕೂರುತ್ತದಾ? ಯಾವ ಟೆಕ್ನಾಲಜಿ ಬಳಸುತ್ತೀರಿ?" ಇಷ್ಟೇ ಕೇಳಿದ್ದು. ಉತ್ತರ ಕೊಡಲು ಸುಲಭವಾದ ಪ್ರಶ್ನೆಗೆ ಜನ ಉತ್ತರ ಕೊಡುತ್ತಾರೆ.

ಆ ಮೊದಲ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಒಂದು ಕಂಪನಿಯಲ್ಲಿ ಕೊನೆಯ ಸುತ್ತಿನವರೆಗೂ ಹೋದ ಮೇಲೆ ಗೊತ್ತಾಯಿತು, ಜಾಹೀರಾತಿನಲ್ಲಿದ್ದದ್ದು ಬರೀ ನೋಂದಾಯಿತ ವಿಳಾಸ. ಟೀಮ್ ಕೂರುವುದು ಊರಿನ ಇನ್ನೊಂದು ತುದಿಯಲ್ಲಿ. ಅಲ್ಲಿಂದ ಮುಂದೆ ಎಚ್‌ಆರ್‌ನವರು ಫೋನ್ ಮಾಡಿದ ಕೂಡಲೇ ಇದನ್ನೇ ಕೇಳುತ್ತಿದ್ದೆ. ನನ್ನ ಮೇಜು ಯಾವ ಕಟ್ಟಡದಲ್ಲಿ? ಕ್ಲೈಂಟ್ ಜಾಗಕ್ಕೆ ಕಳಿಸುವುದು ಉಂಟಾ? ವಾರಕ್ಕೆ ಎಷ್ಟು ದಿನ ಬರಬೇಕು, ಅದನ್ನು ತೀರ್ಮಾನಿಸುವವರು ಯಾರು?

ಹೈಬ್ರಿಡ್ ಕೆಲಸಗಳನ್ನು, ಅಂದರೆ ಕೆಲವು ದಿನ ಆಫೀಸು, ಕೆಲವು ದಿನ ಮನೆ ಅನ್ನುವಂಥವನ್ನು, ತೂಗಲು ನಾನು ವಾರದ ಒಟ್ಟು ನಿಮಿಷ ನೋಡಿದೆ. ಒಂದು ಗಂಟೆ ದೂರದ ಆಫೀಸಿಗೆ ವಾರಕ್ಕೆ 2 ದಿನ ಹೋಗಿ ಬಂದರೆ 240 ನಿಮಿಷ. 25 ನಿಮಿಷ ದೂರದ ಆಫೀಸಿಗೆ 5 ದಿನ ಹೋಗಿ ಬಂದರೆ 250. ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ಎರಡು ದಿನ ಅನ್ನುವುದು ಒಂದು ಇಮೇಲ್ ಬಂದರೆ ಐದು ದಿನ ಆಗಬಹುದು. ಆಗ ಅದೇ 240 ನಿಮಿಷ 600 ಆಗುತ್ತದೆ. ಅದಕ್ಕೇ ಪ್ರತಿ ಹೈಬ್ರಿಡ್ ಕೆಲಸವನ್ನೂ ಐದು ದಿನದ ಲೆಕ್ಕದಲ್ಲಿ ಇನ್ನೊಮ್ಮೆ ನೋಡುತ್ತಿದ್ದೆ. ಹಾಗೂ ತಡೆದುಕೊಳ್ಳಬಹುದು ಅನ್ನಿಸಿದರೆ ಮಾತ್ರ ಮುಂದಿನ ಮಾತು.

ಹತ್ತಿರದ ಕೆಲಸದಲ್ಲಿ ಸಂಬಳ ಕಡಿಮೆ ಇರಬಹುದು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಎದುರಿಗೆ ಈ ಲೆಕ್ಕ ಇಟ್ಟುಕೊಳ್ಳಿ. ದಿನಕ್ಕೆ ಮೂರು ಗಂಟೆ ಪ್ರಯಾಣ, ವಾರಕ್ಕೆ ಐದು ದಿನ, ವರ್ಷಕ್ಕೆ 48 ವಾರ ಅಂದರೆ 720 ಗಂಟೆ. ಎಂಟು ಗಂಟೆಯ ದುಡಿಮೆಗೆ ಹೋಲಿಸಿದರೆ 90 ದಿನ. ಸಂಬಳದ ವ್ಯತ್ಯಾಸವನ್ನು ಈ ಗಂಟೆಗಳಿಂದ ಭಾಗಿಸಿದರೆ ಪ್ರಯಾಣದ ಒಂದೊಂದು ಗಂಟೆಗೆ ಎಷ್ಟು ಸಿಗುತ್ತಿದೆ ಅಂತ ತಿಳಿಯುತ್ತದೆ. ನನಗೆ ಬಂದ ಸಂಖ್ಯೆ ನೋಡಿದ ಮೇಲೆ ಚೌಕಾಸಿ ಮಾಡಲು ಮನಸ್ಸು ಹಗುರಾಯಿತು.

ಒಪ್ಪಿಕೊಂಡದ್ದು ಉಪಕರಣ ತಯಾರಿಸುವವರ ಕೆಲಸ. ಸಣ್ಣ ಟೀಮ್, ಹಳೆಯ ಕೋಡ್, ಕೋಡ್ ರಿವ್ಯೂ ಮಾಡುವವರು ಇಲ್ಲವೇ ಇಲ್ಲ ಅನ್ನಬಹುದು. ಹೊಸದನ್ನು ಕಲಿಯಬೇಕಾದರೆ ನಾವೇ ಸಮಯ ತೆಗೆದಿಡಬೇಕು. ನಾಳೆ ಈ ಕೆಲಸ ಹೋದರೆ ಇದೇ ಎಲ್ಲೆಯೊಳಗೆ ಇನ್ನೊಂದು ಸಿಗುವುದು ಕಷ್ಟ. ಅದಕ್ಕೆ ಆ ಪಟ್ಟಿಯನ್ನು ಅಳಿಸಿಲ್ಲ, ರಿಮೋಟ್ ಕೆಲಸಗಳ ಅಲರ್ಟ್ ಕೂಡ ಇಟ್ಟುಕೊಂಡಿದ್ದೇನೆ. ಸಹಿ ಹಾಕುವ ಮೊದಲು ಆಫರ್ ಲೆಟರ್‌ನಲ್ಲಿ ಕೆಲಸದ ಜಾಗದ ಪೂರ್ತಿ ವಿಳಾಸ ಬರೆಸಿಕೊಂಡೆ. ಸಂಸ್ಥೆಯ ಯಾವ ಶಾಖೆಗೆ ಬೇಕಾದರೂ ವರ್ಗ ಮಾಡಬಹುದು ಅನ್ನುವ ಸಾಲನ್ನು ತೆಗೆಸಲು ಆಗಲಿಲ್ಲ. ಮೂರು ತಿಂಗಳ ಮುಂಚೆ ತಿಳಿಸಬೇಕು ಅಂತ ಅದರ ಮುಂದೆ ಸೇರಿಸಲು ಒಪ್ಪಿದರು.