ಎರೆ ಮಣ್ಣಿನ ಅಂಗಳಕ್ಕೆ ಕಡಿಮೆ ನೀರು, ಕಡಿಮೆ ಖರ್ಚು

ವಿಜಯಪುರದಲ್ಲಿ ಮನೆ ಮುಂದಿನ ಅಂಗಳ ಹಸಿರಾಗಬೇಕಾದರೆ ಮೊದಲ ದುಡ್ಡು ಗಿಡಕ್ಕಲ್ಲ, ಮಣ್ಣಿಗೆ ಹಾಕಿ. ನಮ್ಮ ಓಣಿಯಲ್ಲಿ ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ. ಹೂ ತುಂಬಿದ ಕುಂಡ ತರುವುದು ಸುಲಭ. ಏಪ್ರಿಲ್ ಬಿಸಿಲಿಗೆ ಅದನ್ನು ಉಳಿಸಿಕೊಳ್ಳುವುದೇ ಕಷ್ಟ, ಅಲ್ವಾ?

ನಮ್ಮದು ಎರೆ ಮಣ್ಣು, ಅಂದರೆ ಕಪ್ಪು ಜಿಗುಟು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ. ಕೊಡಗಟ್ಟಲೆ ಸುರಿದ ನೀರು ಆ ಬಿರುಕಿನಲ್ಲೇ ಇಳಿದು ಹೋಗುತ್ತದೆ, ಬೇರಿಗೆ ಸಿಗುವುದಿಲ್ಲ. ಆದ್ದರಿಂದ ಮೊದಲು ಖುರ್ಪಿಯಿಂದ ಮೇಲ್ಮಣ್ಣು ಸಡಿಲಿಸಿ ಬಿರುಕು ಮುಚ್ಚಿ. ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಚೀಲ ಬೆರೆಸಿ. ಹಸಿ ಸೆಗಣಿ ಬೇಡ, ಗೆದ್ದಲು ಹತ್ತುತ್ತದೆ.

ಅದರ ಮೇಲೆ ಮೂರು ಇಂಚು ಹೊದಿಕೆ ಹಾಕಿ. ಶೇಂಗಾ ಸಿಪ್ಪೆ, ಜೋಳದ ರವದಿ, ಬೇವಿನ ಒಣ ಎಲೆ, ಯಾವುದು ಸಿಕ್ಕರೂ ಸರಿ. ಕಾಂಡಕ್ಕೆ ಮಾತ್ರ ತಾಗಬಾರದು, ಕೊಳೆಯುತ್ತದೆ. ಉದುರಿದ ಬೇವಿನ ಎಲೆಯನ್ನು ಗುಡ್ಡೆ ಮಾಡಿ ಸುಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಪುಕ್ಕಟೆ ಸಿಗುವ ಹೊದಿಕೆ ಅದು!

ಇನ್ನು ನೀರು. ನಮ್ಮ ಓಣಿಗೆ ನಳ ದಿನಾ ಬರುವುದಿಲ್ಲ. ನನ್ನ ಅಂಗಳ ನಿಂತಿರುವುದು ಕುಂಬಾರರ ಗಡಿಗೆಯ ಮೇಲೆ. ಬಣ್ಣ ಬಳಿಯದ ಗಡಿಗೆಯನ್ನು ಕುತ್ತಿಗೆಯವರೆಗೆ ಹೂಳಿ, ಗಿಡವನ್ನು ಅದರಿಂದ ಒಂದು ಗೇಣು ದೂರ ನೆಡಿ. ನೀರು ತುಂಬಿ ಪರಸಿ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು) ಚೂರು ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತವೆ. ಮಣ್ಣು ಆರಿದಷ್ಟೂ ಗಡಿಗೆಯಿಂದ ನೀರು ಜಿನುಗುತ್ತದೆ, ಬೇರು ಆ ಕಡೆಗೇ ಬರುತ್ತದೆ. ಬೋರಿನ ಸವಳು ನೀರಾದರೆ ಗಡಿಗೆಯ ಸಣ್ಣ ರಂಧ್ರಗಳು ಉಪ್ಪಿನಿಂದ ಕಟ್ಟಿಕೊಳ್ಳುತ್ತವೆ. ಆಗ ಹೊರಗೆ ತೆಗೆದು ತೆಂಗಿನ ನಾರಿನಿಂದ ಗಸಗಸ ತಿಕ್ಕಿ.

ಅಕ್ಕಿ, ಬೇಳೆ ತೊಳೆದ ನೀರು ಧಾರಾಳವಾಗಿ ಹಾಕಿ. ಬಟ್ಟೆ ಒಗೆದ ಸೋಪಿನ ನೀರು ಬೇಡ. ಅದರಲ್ಲಿರುವ ಸೋಡಿಯಂ ಎರೆ ಮಣ್ಣನ್ನು ಮತ್ತಷ್ಟು ಬಿಗಿ ಮಾಡುತ್ತದೆ. ಫಿಲ್ಟರ್ ಮಷಿನ್ ಹೊರಹಾಕುವ ನೀರಿನಲ್ಲೂ ಉಪ್ಪು ಜಾಸ್ತಿ, ಅದನ್ನು ಪರಸಿ ತೊಳೆಯಲು ಬಳಸಿ. ನೀರು ಹಾಕುವ ಮುಂಚೆ ಹೊದಿಕೆ ಸರಿಸಿ ಬೆರಳು ಊರಿ ನೋಡಿ. ಎರಡು ಇಂಚು ಕೆಳಗೆ ಹಸಿ ಇದ್ದರೆ ಆ ದಿನ ಬೇಡ.

ಮಳೆ ನೀರನ್ನು ಹಾಗೇ ಬಿಡಬೇಡಿ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಮಾಳಿಗೆ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 185 ಲೀಟರ್ ನೀರು. ಮಾಳಿಗೆ ನೀರು ಹೊರಬೀಳುವ ದೋಣಿಯ ಕೆಳಗೆ ಹಳೆ ಡ್ರಮ್ ಇಟ್ಟು ಬಾಯಿಗೆ ಸೀರೆ ತುಂಡು ಬಿಗಿದರೆ ಮುಗಿಯಿತು. 1651ರಲ್ಲಿ ಇಲ್ಲಿನ ಸುಲ್ತಾನ ಮುಹಮ್ಮದ್ ಆದಿಲ್‌ಶಾಹ ಬೇಗಂ ತಲಾಬ್ ಕೆರೆ ಕಟ್ಟಿಸಿ, ಮಣ್ಣಿನ ಕೊಳವೆಗಳಲ್ಲಿ ಈ ಊರಿಗೆ ನೀರು ತರಿಸಿದ. ನೀರು ಹಿಡಿದಿಟ್ಟುಕೊಂಡು ಬದುಕಿದ ಊರು ನಮ್ಮದು.

ಗಿಡದ ಮಾತು ಕೊನೆಗೆ, ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ. ದುಂಡುಮಲ್ಲಿಗೆ, ದಾಸವಾಳ, ಕಾಗದದ ಹೂ, ಇವುಗಳ ಕಡ್ಡಿಯನ್ನು ಪಕ್ಕದ ಮನೆ ವೈನಿಯನ್ನು ಕೇಳಿ ತನ್ನಿ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ ಸಾಕು. ಕೆಳಗಿನ ಎಲೆ ಕಿತ್ತು, ಎರಡು ಗಿಣ್ಣು ಮಣ್ಣಿನಲ್ಲಿ ಮುಳುಗುವಂತೆ ನೆರಳಲ್ಲಿ ಊರಿ. ಕಣಗಿಲೆ ಬರಕ್ಕೂ ಬಗ್ಗುವುದಿಲ್ಲ, ಆದರೆ ವಿಷ. ಸಣ್ಣ ಮಕ್ಕಳು, ದನಕರು ಓಡಾಡುವ ಕಡೆ ನೆಡಬೇಡಿ. ಹುಲ್ಲುಹಾಸಿನ ಆಸೆಯನ್ನಂತೂ ಬಿಟ್ಟೇಬಿಡಿ, ನೀರೆಲ್ಲ ಅದೇ ಕುಡಿಯುತ್ತದೆ.

ಮಡಿಗಳ ಅಂಚಿಗೆ ಒಡೆದ ಪರಸಿ ಚೂರು ನಿಲ್ಲಿಸಿ. ಕಟ್ಟೆಗೆ ಸುಣ್ಣ, ಅದರ ಅಂಚಿಗೆ ಕೆಮ್ಮಣ್ಣು ಬಳಿದರೆ ಅಂಗಳಕ್ಕೆ ಕಳೆ ಬರುತ್ತದೆ. ಇದನ್ನು ಮಾತ್ರ ಮಳೆ ನಿಂತ ಮೇಲೆ, ದಸರಾ ಹೊತ್ತಿಗೆ ಮಾಡಿ. ಮುಂಚೆಯೇ ಬಳಿದರೆ ತೊಳೆದು ಹೋಗುತ್ತದೆ.